ಉಂಡು ಬಂದವರು

ರಾಯಚೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಕೋಟೆ ಗೋಡೆಯ ನೆರಳಿನಲ್ಲಿ ನಿಂತು ನಾನು ಎಷ್ಟು ಬಸ್ಸು ಕಾದಿದ್ದೇನೋ ಲೆಕ್ಕವಿಲ್ಲ. ಆದರೆ ಒಂದು ದಿನವಾದರೂ ತಿರುಗಿ ಆ ಗೋಡೆಯನ್ನು ನೋಡಿದವನಲ್ಲ. ಅದನ್ನು ನೋಡಲು ನನಗೆ ಕಲಿಸಿದವನು ಇಥಿಯೋಪಿಯಾದಿಂದ ಬಂದ ಒಬ್ಬ ವಿದ್ಯಾರ್ಥಿ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ರಾಯಚೂರಿನಲ್ಲಿ ಕೃಷಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆ ಅವನದು. ಬಿಳಿಜೋಳದ ಮೇಲೆ ಸಂಶೋಧನೆ ಮಾಡಲು ಅಷ್ಟು ದೂರದಿಂದ ಬಂದಿದ್ದ. ಕನ್ನಡವನ್ನು ಅವನು ಕಲಿತದ್ದು ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿಂದ. ಹಾಗಾಗಿ ಯಾರ ಜೊತೆ ಮಾತಾಡಿದರೂ ಕೊನೆಗೆ, ಹೆಂಗಸರನ್ನು ಸಲಿಗೆಯಿಂದ ಕರೆಯುವ ‘ಬೇ’ ಸೇರಿಸುತ್ತಿದ್ದ. ಒಮ್ಮೆ ನಮ್ಮ ಹಿರಿಯ ಮೇಷ್ಟ್ರು ಹೊಲಕ್ಕೆ ಬಂದಾಗ ಕುರ್ಚಿ ಎಳೆದು, ಬಹಳ ವಿನಯದಿಂದ, “ಕುಂದ್ರಬೇ” ಅಂದುಬಿಟ್ಟ. ಮೇಷ್ಟ್ರು ಒಂದು ಗಳಿಗೆ ಅವನ ಮುಖ ನೋಡಿ, ಕುಳಿತುಕೊಂಡರು. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅದೇ ಮನುಷ್ಯ ನಾಯಿ ಎದುರಾದರೆ “ಸರೀರಿ” ಅನ್ನುತ್ತಿದ್ದ.

ಅವನಿಗೊಂದು ಹುಚ್ಚಿತ್ತು. ಭಾನುವಾರ ಬಂತೆಂದರೆ ಒಂದು ದಪ್ಪ ನೋಟ್‌ಬುಕ್ಕು ಹಿಡಿದು ಹಳೆಯ ಕಲ್ಲುಗಳನ್ನು ಹುಡುಕಿಕೊಂಡು ಹೊರಡುವುದು. ಗುಂಜಹಳ್ಳಿ, ಮಟಮಾರಿ, ಕಲ್ಮಲ ಯಾವ ಕಡೆಯ ಬಸ್ಸು ಸಿಕ್ಕಿದರೂ ಸರಿ. ಸಂಜೆ ಧೂಳು ಮೆತ್ತಿಕೊಂಡು ಬಂದು, ಎಲ್ಲಿ ಯಾವ ಕಂಬ ನೋಡಿದೆ, ಯಾವ ಶಾಸನದ ಕಲ್ಲಿಗೆ ಯಾರು ಎಮ್ಮೆ ಕಟ್ಟಿದ್ದರು ಎಂದು ನನಗೆ ವರದಿ ಒಪ್ಪಿಸುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ನನ್ನ ಊರಿನ ಸಂಗತಿಯನ್ನು ನನಗೇ ಯಾರಾದರೂ ಹೇಳಿದರೆ ಸಿಟ್ಟಾಗುವ ಸ್ವಭಾವ ನನ್ನದು, ಗೊತ್ತಿಲ್ಲದಿದ್ದರೆ ಇನ್ನೂ ಹೆಚ್ಚು.

ಆ ವರ್ಷ ಚಳಿಗಾಲದಲ್ಲಿ ಅವನ ಬಾಲ್ಯದ ಗೆಳೆಯನೊಬ್ಬ ಅವನನ್ನು ನೋಡಲು ಬಂದ. ತಮ್ಮ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುವವನಂತೆ. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ನನ್ನ ಗೆಳೆಯ ಅವನಿಗಾಗಿ ಮೂರು ದಿನದ ತಿರುಗಾಟದ ಪಟ್ಟಿ ಮಾಡಿದ್ದ. ಮೊದಲ ದಿನ ರಾಯಚೂರಿನ ಕೋಟೆ, ಮಸೀದಿ, ಬೆಟ್ಟದ ದರ್ಗಾ. ಎರಡನೆಯ ದಿನ ಮಾನ್ವಿ. ಮೂರನೆಯ ದಿನದ ಎದುರಿಗೆ ಇಂಗ್ಲಿಷಿನಲ್ಲಿ, ದೇವದುರ್ಗ ತಾಲ್ಲೂಕಿನ ನನ್ನ ಊರಿನ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ.

“ಅಲ್ಲೇನೂ ಇಲ್ಲ” ಅಂದೆ.

“ಅಲ್ಲಿ ಹಳೆಯ ಈಶ್ವರನ ಗುಡಿ ಇದೆ. ನಾಲ್ಕು ಕಂಬ ಇವೆ. ನೀನೇ ಹೇಳಿದ್ದೆ” ಅಂದ.

ಯಾವಾಗಲೋ ಚಹಾ ಕುಡಿಯುತ್ತ ಬಾಯಿ ಜಾರಿದ್ದೆ. ಅವನು ಬರೆದಿಟ್ಟುಕೊಂಡಿದ್ದ.

ಅಲ್ಲಿ ಗುಡಿ ಇದೆ, ಕಂಬವೂ ಇವೆ. ನಾಲ್ಕು ಎಂದು ಊರಿನವರು ಹೇಳುವುದನ್ನು ಕೇಳಿದ್ದೇನೆ, ಎಣಿಸಿ ನೋಡಿಲ್ಲ. ಗುಡಿಯ ಎದುರಿಗೆ ಒಂದು ಬೇವಿನ ಗಿಡವಿದೆ. ನಮ್ಮ ಕೇರಿಯವರು ನಿಲ್ಲುತ್ತಿದ್ದದ್ದು ಆ ಗಿಡದ ಬುಡದಲ್ಲಿ. ಕಾಯಿಯನ್ನು ಅಲ್ಲಿ ನೆಲಕ್ಕಿಟ್ಟು ಹಿಂದೆ ಸರಿದರೆ ಯಾರಾದರೂ ಬಂದು ಒಯ್ಯುತ್ತಿದ್ದರು. ಒಡೆದ ಹೋಳು ಮತ್ತೆ ನೆಲಕ್ಕೇ ಬರುತ್ತಿತ್ತು. ಅಜ್ಜಿ ಅಲ್ಲಿ ನಿಂತು ಕೈ ಮುಗಿದಳು, ಅವ್ವ ಮುಗಿದಳು, ಅವ್ವನ ಸೆರಗು ಹಿಡಿದುಕೊಂಡು ನಾನೂ ಮುಗಿದಿದ್ದೇನೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅವ್ವನಿಗೆ ಮಾನ್ವಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿ, ನಾವು ಊರು ಬಿಟ್ಟೆವು.

ಈಗ ಊರಿನಲ್ಲಿ ಯಾರೂ ‘ಬರಬೇಡ’ ಅನ್ನುವುದಿಲ್ಲ, ಕಾಲ ಬದಲಾಗಿದೆ. ‘ಬಾ’ ಎಂದು ಕರೆದವರೂ ಇಲ್ಲ. ಕಾಲೇಜು ಸೇರಿದ ಮೇಲೆ ನಾನು, ನನಗೆ ಯಾವ ಗುಡಿಯೂ ಬೇಡ ಎಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ಮಾನ್ವಿಯ ಮನೆಯ ಗೋಡೆಗೆ ಬುದ್ಧನ ಚಿತ್ರ ತಂದು ಹಾಕಿದೆ. ಅದೆಲ್ಲ ಸುಳ್ಳಲ್ಲ. ಆದರೆ ತಟ್ಟೆಗೆ ಬಡಿಸದೇ ಇದ್ದದ್ದನ್ನು ನಾನೇ ಬೇಡ ಅಂದೆ ಎಂದು ಹೇಳಿಕೊಳ್ಳುವುದು ಪೂರ್ತಿ ನಿಜವೂ ಆಗಿರಲಿಲ್ಲ.

ಇದ್ಯಾವುದನ್ನೂ ನಾನು ಗೆಳೆಯನಿಗೆ ಹೇಳಿರಲಿಲ್ಲ. ಎರಡು ವರ್ಷ ಅವನು ನನ್ನನ್ನು ತನ್ನ ಹಾಗೆಯೇ ಒಬ್ಬ ಎಂದು ನೋಡಿದ್ದ. ನಾಚಿಕೆಗಿಂತ ಹೆಚ್ಚಾಗಿ ನನಗಿದ್ದದ್ದು ಆ ನೋಟ ಬದಲಾಗುವ ಹೆದರಿಕೆ. ಅವನು ಅಯ್ಯೋ ಎಂದು ಕನಿಕರಪಟ್ಟರೆ ನನ್ನಿಂದ ತಡೆದುಕೊಳ್ಳುವುದು ಆಗುತ್ತಿರಲಿಲ್ಲ. ಹಾಗಾಗಿ ಅವರ ಜೊತೆ ಹೊರಡಲು ಒಪ್ಪಿಕೊಂಡೆ. ಜೊತೆಗಿದ್ದರೆ ಕೊನೆಯ ಗಳಿಗೆಯಲ್ಲಾದರೂ ಮೂರನೆಯ ದಿನವನ್ನು ತಪ್ಪಿಸಬಹುದು ಎನ್ನುವುದು ನನ್ನ ಲೆಕ್ಕಾಚಾರ.

ಮೊದಲ ದಿನ ಕೋಟೆ. ಅಲ್ಲಿ ಗೋಡೆಯಲ್ಲಿ ಕೂಡಿಸಿದ, ಶಾಸನ ಕೆತ್ತಿದ ಒಂದು ಭಾರೀ ಉದ್ದನೆಯ ಕಲ್ಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ, ಸಾಲು ಸಾಲು ಕೋಣಗಳನ್ನು ಹೂಡಿ ಎಳೆದು ತಂದ ಚಿತ್ರವನ್ನು ಗೋಡೆಯ ಮೇಲೆಯೇ ಕೊರೆದಿದ್ದಾರೆ. ನನ್ನ ಗೆಳೆಯ ಬೆರಳು ತೋರಿಸಿ ತೋರಿಸಿ ವಿವರಿಸಿದ. ಗಾಡಿಯ ಗಾಲಿಗೆ ಮೀಟುಗೋಲು ಕೊಟ್ಟು ತಳ್ಳುವ ಮನುಷ್ಯರೂ ಅಲ್ಲಿದ್ದರು. ಹೊಸದಾಗಿ ಬಂದವನು ಆ ಮನುಷ್ಯರನ್ನು ಬಹಳ ಹೊತ್ತು ನೋಡಿದ.

“ಶಾಸನದಲ್ಲಿ ಇವರ ಹೆಸರಿದೆಯೇ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಗೊತ್ತಿಲ್ಲ” ಅಂದ ನನ್ನ ಗೆಳೆಯ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ನಾನೂ ಆ ಮೀಟುಗೋಲಿನವರನ್ನು ಅವತ್ತೇ ಮೊದಲು ನೋಡಿದ್ದು.

ಕಲ್ಲಾನೆ ನೋಡಿದೆವು. ಒಗ್ಗರಣೆ ಹಾಕಿದ ಬಿಸಿ ಮಂಡಕ್ಕಿ ಸುಸಲಾ, ಮೆಣಸಿನಕಾಯಿ ಬಜಿ ತಿಂದೆವು. ಬಂದವನ ಕಣ್ಣಲ್ಲಿ ನೀರು ಬಂತು, ಆದರೂ ಬಿಡದೆ ಮೂರು ತಿಂದ. ಆಮೇಲೆ ಒಂದೇ ಮಿನಾರಿನ ಮಸೀದಿಗೆ ಹೋದೆವು. ಅಲ್ಲಿ ನನ್ನ ಗೆಳೆಯ ಚಪ್ಪಲಿ ಬಿಟ್ಟು, ಅಲ್ಲಿದ್ದ ಹಿರಿಯರನ್ನು ಕೇಳಿ ಒಳಗೆ ನಡೆದ. ನಾನೂ ನಡೆದೆ. ಹಿಂದಿರುಗಿ ನೋಡಿದರೆ ಬಂದವನು ಬಾಗಿಲ ಕಂಬಕ್ಕೆ ಹಣೆ ತಾಗಿಸಿ ಹೊರಗೇ ನಿಂತಿದ್ದಾನೆ. ಸಂಕೋಚದ ಮನುಷ್ಯ ಅಂದುಕೊಂಡೆ. ಬೆಟ್ಟ ಹತ್ತಿ ದರ್ಗಾದ ಹತ್ತಿರ ಹೋದಾಗಲೂ ಹಾಗೆಯೇ ಮಾಡಿದ. ಬಿಸಿಲಿಗೆ ಸಾಕಾಗಿದೆಯೇನೋ ಎಂದು ಸುಮ್ಮನಾದೆ. ಕೆಳಗೆ ಇಡೀ ರಾಯಚೂರು ಕಾಣುತ್ತಿತ್ತು. ನನ್ನ ಮನಸ್ಸು ಮೂರನೆಯ ದಿನದಲ್ಲಿತ್ತು.

ಮರುದಿನ ಕಲ್ಮಲದ ಮೇಲೆ ಹಾಯ್ದು ಮಾನ್ವಿಗೆ ಬಂದೆವು. ಗುಡ್ಡದ ಬಂಡೆಗಳನ್ನು, ಹಳೆಯ ಬಾವಿಯೊಂದನ್ನು ನೋಡಿದೆವು. ರಾತ್ರಿ ಅವ್ವನ ಮನೆಯಲ್ಲಿಯೇ ಮಲಗಿದೆವು. ಅವ್ವನಿಗೆ ಇಬ್ಬರನ್ನೂ ಕಂಡು ಬಲು ಖುಷಿ. ಅವರು ನಮ್ಮ ಕಡೆಯವರ ಹಾಗೆಯೇ ಕೈಯಲ್ಲಿ ಮುರಿದು ಉಣ್ಣುವುದನ್ನು ಕಂಡು, “ಇವ್ರು ನಮ್ಮವ್ರ ಇದ್ದಾರಲ್ಲೋ” ಅಂದಳು.

ಬೆಳಗ್ಗೆ ಅವ್ವ ರೊಟ್ಟಿ ಬಡಿದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಬಂದವನು ನಾಲ್ಕು ರೊಟ್ಟಿ ತಿಂದ. ನನ್ನ ಗೆಳೆಯ, “ಸಾಕಬೇ, ಸಾಕು” ಅನ್ನುತ್ತಲೇ ಐದನೆಯದಕ್ಕೆ ಕೈ ಹಾಕಿದ. ನನಗೆ ಮಾತ್ರ ತುತ್ತು ಇಳಿಯುವ ಹಾಗಿರಲಿಲ್ಲ. ಅವ್ವ ಚಹಾ ಕೊಟ್ಟಳು, ಅದನ್ನೂ ಬೇಡ ಅಂದೆ.

ಅವಳು ನನ್ನನ್ನು ಒಲೆಯ ಹತ್ತಿರ ಕರೆದಳು.

“ಊರಾಗ ಗುಡಿ ಕಡಿ ಹೊಂಟೀರೇನು?”

“ಹೂಂ.”

“ಅವ್ರಿಗೆ ಹೇಳಿಯೇನು?”

“ಇಲ್ಲ.”

ಅವ್ವ ಹಿಟ್ಟಿನ ಕೈ ಒರೆಸಿಕೊಂಡಳು. “ಹೇಳಬ್ಯಾಡ ಬಿಡು. ನೀ ಬೇವಿನ ಗಿಡದ ಹತ್ರ ನಿಂದ್ರು. ಚಪ್ಪಲಿ ಕಾಯ್ತೀನಿ ಅನ್ನು. ನಾಯಿ ಒಯ್ತಾವು ಅನ್ನು. ಜಗಳ ಮಾತ್ರ ಮಾಡಬ್ಯಾಡಪ್ಪ.”

ನನ್ನ ಸಿಟ್ಟಿನ ಪರಿಚಯ ಅವಳಿಗಿತ್ತು. ಇಷ್ಟು ವರ್ಷ ಇಂಥ ಎಷ್ಟು ನೆಪಗಳನ್ನು ಅವಳು ತನಗಾಗಿ ಹೊಲಿದಿಟ್ಟುಕೊಂಡಿದ್ದಳೋ.

ಸಿರವಾರದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿ ಒಮ್ಮೆ, ಮುಂದೆ ದಾರಿ ಸರಿಯಿಲ್ಲ, ವಾಪಸು ಹೋಗೋಣ ಅಂದೆ. ನನ್ನ ಗೆಳೆಯ ನಗುತ್ತ ನೋಟ್‌ಬುಕ್ಕಿನಲ್ಲಿ ಎಳೆದ ಎರಡು ಗೆರೆ ತೋರಿಸಿದ. ಬಸ್ಸು ಊರ ಮುಂದಿನ ಕಟ್ಟೆಯ ಹತ್ತಿರ ನಮ್ಮನ್ನು ಇಳಿಸಿ, ಧೂಳೆಬ್ಬಿಸಿಕೊಂಡು ಮುಂದೆ ಹೋಯಿತು.

ಗುಡಿಯ ಹತ್ತಿರ ಯಾರೂ ಇರಲಿಲ್ಲ. ವಯಸ್ಸಾದ ಪೂಜಾರಿ ಒಬ್ಬರೇ ಅಂಗಳ ಕಸ ಹೊಡೆಯುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಈಚಲ ಕಸಬರಿಗೆ. ಚಿಕ್ಕವನಿದ್ದಾಗ ನಾನು ಅವರನ್ನು ದೂರದಿಂದ ಕಂಡಿದ್ದೆ, ಆಗ ಬಹಳ ಎತ್ತರದ ಮನುಷ್ಯ ಎನಿಸಿತ್ತು. ಈಗ ನನ್ನ ಭುಜಕ್ಕೆ ಬರುವಂತಿದ್ದರು.

ನನ್ನ ಕಾಲುಗಳು ಬೇವಿನ ಗಿಡದ ಬುಡದಲ್ಲಿ ತಾವಾಗಿಯೇ ನಿಂತವು. ನಿಲ್ಲಬೇಕೆಂದು ನಾನು ನಿರ್ಧಾರ ಮಾಡುವ ಮೊದಲೇ.

“ನೀವಿಬ್ಬರೂ ಹೋಗಿ ಬನ್ನಿ. ಇಲ್ಲಿ ನಾಯಿ ಬಹಳ, ಚಪ್ಪಲಿ ಒಯ್ಯುತ್ತವೆ. ನಾನು ಕಾಯುತ್ತೇನೆ” ಅಂದೆ. ಅವ್ವ ಕಲಿಸಿದ ಪಾಠ, ಒಂದಕ್ಷರ ತಪ್ಪದೆ. ಹತ್ತಿರದಲ್ಲಿ ಒಂದು ನಾಯಿಯೂ ಇರಲಿಲ್ಲ.

ನನ್ನ ಗೆಳೆಯ ಚಪ್ಪಲಿ ಬಿಟ್ಟು, ಪೂಜಾರಿಗೆ “ಶರಣ್ರಿ” ಎಂದು ನಮಸ್ಕಾರ ಮಾಡಿ, ನೋಟ್‌ಬುಕ್ಕು ಬಿಚ್ಚಿಕೊಂಡು ನೇರ ಒಳಗೆ ಹೋದ. ಬಂದವನು ಅವನ ಹಿಂದೆ ಹೊಸ್ತಿಲವರೆಗೂ ಹೋದ. ಅಲ್ಲಿ ನಿಂತ. ಪೂಜಾರಿ ಕಸಬರಿಗೆ ಕೆಳಗಿಟ್ಟು ಅವನ ಹತ್ತಿರ ಬಂದು ಏನೋ ಅಂದರು, ಕೈ ಎತ್ತಿದರು. ಅವನು ತಲೆ ಅಲ್ಲಾಡಿಸಿದ. ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿದ. ಮೂರು ಹೆಜ್ಜೆ ಹಿಂದಕ್ಕೆ ಬಂದು, ತಲೆ ತಗ್ಗಿಸಿ ಅಂಗಳದಲ್ಲಿ ನಿಂತುಬಿಟ್ಟ.

ನನ್ನ ತಲೆಗೆ ರಕ್ತ ಏರಿತು. ಮೊದಲು ಹೋದವನನ್ನು ತಡೆಯಲು ಆಗಲಿಲ್ಲ, ಇವನನ್ನು ಬಣ್ಣ ನೋಡಿ ತಡೆದರು ಅಂದುಕೊಂಡೆ. ನಾಲ್ಕು ಸಾವಿರ ಕಿಲೋಮೀಟರಾಚೆಯಿಂದ ಬಂದವನನ್ನೂ ಹೊಸ್ತಿಲಲ್ಲಿ ನಿಲ್ಲಿಸುತ್ತಾರಲ್ಲ ಅಂದುಕೊಂಡೆ. ಅವ್ವ ಹೇಳಿದ ಮಾತು ಎಲ್ಲಿ ಹೋಯಿತೋ. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

“ಯಾಕ್ರಿ ಅವನ್ನ ನಿಂದ್ರಿಸಿದ್ರಿ?” ನನ್ನ ದನಿ ನನಗೇ ಗುರುತು ಹತ್ತಲಿಲ್ಲ. “ನಮ್ಮನ್ನ ಇಷ್ಟ ವರ್ಷ ಆ ಗಿಡದ ಬುಡಕ್ಕ ನಿಂದ್ರಿಸಿದ್ದು ಸಾಕಾಗ್ಲಿಲ್ಲೇನ್ರಿ? ನಮ್ಮ ಮುತ್ತ್ಯಾ, ನಮ್ಮ ಅಜ್ಜಿ, ನಮ್ಮವ್ವ ಎಲ್ಲಾರೂ ಅಲ್ಲೇ ನಿಂತು ಹೋದ್ರು. ಈಗ ಇವನೂ ನಿಂದ್ರಬೇಕೇನು?”

ಗದ್ದಲ ಕೇಳಿ ನನ್ನ ಗೆಳೆಯ ಒಳಗಿನಿಂದ ಬಾಗಿಲಿಗೆ ಬಂದ. ಅವನಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಎರಡು ವರ್ಷ ಬಚ್ಚಿಟ್ಟದ್ದನ್ನು ಎರಡು ನಿಮಿಷದಲ್ಲಿ ಅಂಗಳದಲ್ಲಿ ಚೆಲ್ಲಿದ್ದೆ.

“ನಾ ಏನೂ ಅನ್ಲಿಲ್ಲೋ ತಮ್ಮಾ” ಎಂದರು ಪೂಜಾರಿ. “ಒಳಗ ಬರ್ರಿ ಅಂತ ಕರದೆ. ಅಂವನ ಒಲ್ಲೆ ಅಂದ. ಕೇಳು ಬೇಕಾರ.”

ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಜಗಳ ತನ್ನ ಬಗ್ಗೆ ಎಂದು ಊಹಿಸಿ ಬಂದವನೇ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಅವರು ನನ್ನನ್ನು ಕರೆದರು, ತಪ್ಪು ತಿಳಿಯಬೇಡ ಅಂದ. ಅವರ ಕಡೆ ಒಂದು ರೂಢಿ ಇದೆಯಂತೆ. ಹೊಟ್ಟೆಗೆ ಏನಾದರೂ ತಿಂದುಬಂದ ದಿನ, ಅಥವಾ ಮನಸ್ಸು ಸರಿಯಿಲ್ಲದ ದಿನ, ಅವರು ಚರ್ಚಿನ ಒಳಗೆ ಹೋಗುವುದಿಲ್ಲ. ಬಾಗಿಲಿಗೆ ಹಣೆ ಹಚ್ಚಿ, ಮುತ್ತಿಟ್ಟು, ಅಂಗಳದಲ್ಲಿ ನಿಂತು ಪ್ರಾರ್ಥನೆ ಮಾಡಿ ಬರುತ್ತಾರೆ. ಯಾರೂ ಬಾಗಿಲಲ್ಲಿ ನಿಂತು ಕೇಳುವುದಿಲ್ಲ. ಯಾರೂ ತಡೆಯುವುದಿಲ್ಲ. ಅವರವರೇ ತಮ್ಮ ಲೆಕ್ಕ ನೋಡಿಕೊಂಡು ನಿಲ್ಲುತ್ತಾರೆ. ಬೇರೆಯವರ ದೇವರ ಮನೆಗೂ ತಾನು ಅದನ್ನೇ ಪಾಲಿಸುತ್ತೇನೆ ಅಂದ.

“ಬೆಳಗ್ಗೆ ನಿಮ್ಮ ತಾಯಿ ನಾಲ್ಕು ರೊಟ್ಟಿ ತಿನ್ನಿಸಿದ್ದಾರಲ್ಲ” ಎಂದು ನಕ್ಕ. “ಇವನನ್ನು ನೋಡು, ಐದು ತಿಂದು ಒಳಗೆ ಹೋಗಿ ನಿಂತಿದ್ದಾನೆ. ಪರದೇಶಕ್ಕೆ ಬಂದು ಕೆಟ್ಟುಹೋದ.”

ಮಸೀದಿಯ ಬಾಗಿಲು, ದರ್ಗಾದ ಬಾಗಿಲು ನೆನಪಾದವು. ನನ್ನ ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ಭಾರೀ ನಾಚಿಕೆ ಬಂತು. ಆಗ ಅವನು ತಿರುಗಿ, ಗಿಡದ ಬುಡದಲ್ಲಿದ್ದ ಚಪ್ಪಲಿಗಳನ್ನು ನೋಡಿ, ಬಹಳ ಸಹಜವಾಗಿ ಕೇಳಿದ:

“ನೀನೂ ತಿಂದು ಬಂದಿದ್ದೀಯಾ?”

ಅವನಿಗೆ ನನ್ನ ಕೂಗಾಟದಲ್ಲಿ ಒಂದು ಮಾತೂ ತಿಳಿದಿರಲಿಲ್ಲ. ಹೊರಗೆ ನಿಲ್ಲಲು ಅವನಿಗೆ ಗೊತ್ತಿದ್ದ ಕಾರಣಗಳಲ್ಲಿ ಇದೂ ಒಂದು.

“ಇಲ್ಲ” ಅಂದೆ. “ಬೆಳಗಿನಿಂದ ಏನೂ ತಿಂದಿಲ್ಲ.”

“ಹಾಗಾದರೆ ನೀನು ಹೋಗಬಹುದಲ್ಲ. ಚಪ್ಪಲಿ ನಾನು ನೋಡಿಕೊಳ್ಳುತ್ತೇನೆ” ಎಂದು, ಹೋಗಿ ಬೇವಿನ ಗಿಡದ ಕೆಳಗೆ ಕುಳಿತ.

ನಾನು ಪೂಜಾರಿಯ ಮುಖ ನೋಡಿದೆ. ಅವರು ಕಸಬರಿಗೆ ಎತ್ತಿಕೊಂಡು, ಮತ್ತೆ ಕೆಳಗಿಟ್ಟರು. “ನೀ ಆ ಅಡಗಿ ಮಾಡಾಕಿ ಮಗ ಅಲ್ಲೇನು, ಮಾನ್ವಿಗೆ ಹೋದಾಕಿ?” ಎಂದು ಕೇಳಿದರು. ಹೌದು ಅಂದೆ. “ನಾವೂ ಎಂದೂ ಕರೀಲಿಲ್ಲ ಬಿಡು” ಅಂದರು. ಆಮೇಲೆ, “ಬಾ” ಅಂದರು.

ಹೊಸ್ತಿಲು ದಾಟಿದೆ. ಕಾಲ ಕೆಳಗೆ ಕಲ್ಲು ತಣ್ಣಗಿತ್ತು. ಎಣ್ಣೆಯ ಕಮಟು, ಬಾವಲಿಯ ವಾಸನೆ. ಕಂಬ ಎಣಿಸಿದೆ, ನಾಲ್ಕೇ ಇದ್ದವು. ನನ್ನ ಗೆಳೆಯ ನನ್ನ ಪಕ್ಕ ನಿಂತು, ಅಷ್ಟು ಹೊತ್ತು ಬರೆದುಕೊಂಡದ್ದನ್ನು ಓದಿ ಹೇಳತೊಡಗಿದ. ಈ ಕಂಬ ಇಂಥದು, ಈ ಹೂವಿನ ಕೆತ್ತನೆ ಇಂಥದು ಎಂದು. ಎಂದಿನ ದನಿ, ಎಂದಿನ ಉತ್ಸಾಹ. ಕನಿಕರ ಇಲ್ಲ, ಪ್ರಶ್ನೆ ಇಲ್ಲ. ಒಂದು ಕಡೆ ಮಾತ್ರ ನಿಲ್ಲಿಸಿ, ಕನ್ನಡದಲ್ಲಿ, “ಮೊದಲ ಯಾಕ ಹೇಳ್ಲಿಲ್ಲಬೇ?” ಅಂದ. ಉತ್ತರಕ್ಕೆ ಕಾಯದೆ ಮುಂದಿನ ಕಂಬಕ್ಕೆ ಹೋದ. ನಾನು ಅವನ ಹಿಂದೆ ಹೋದೆ. ಆ ಗಳಿಗೆಯಲ್ಲಿ ಅವನ ಮೇಲೆ ಬಂದಷ್ಟು ಪ್ರೀತಿ ನನಗೆ ಯಾರ ಮೇಲೂ ಬಂದದ್ದು ನೆನಪಿಲ್ಲ.

ಸಂಜೆ ಮಾನ್ವಿಯಲ್ಲಿ ಅವ್ವ ಎಲ್ಲ ಕೇಳಿದಳು. ಜಗಳಾಡಿದ್ದಕ್ಕೆ ಬೈದಳು. ರೂಢಿಯ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಕೇಳಿದಳು:

“ಒಳಗ ಹೆಂಗದ?”

“ಸಣ್ಣದವ್ವಾ. ಹತ್ತು ಮಂದಿ ನಿಂತ್ರ ಹನ್ನೊಂದನೇದವ್ರಿಗೆ ಜಾಗ ಇಲ್ಲ. ಕತ್ತಲಿ ಅದ. ಬಾವಲಿ ಅದಾವು.”

“ಅಷ್ಟ?”

“ಅಷ್ಟ.”

ಅವಳು ಒಲೆಯ ಕಡೆ ತಿರುಗಿ ಕುಳಿತಳು. ಹೊರಗೆ ನಿಂತಷ್ಟೂ ವರ್ಷ ಆ ಗುಡಿ ಅವಳ ಮನಸ್ಸಿನಲ್ಲಿ ಎಷ್ಟು ದೊಡ್ಡದಾಗಿ ಬೆಳೆದಿತ್ತೋ.

ಇಬ್ಬರೂ ತಮ್ಮ ದೇಶಕ್ಕೆ ಹಿಂತಿರುಗಿದ ಮೇಲೆ, ಒಂದು ದಿನ ಅವ್ವನೇ ಊರಿಗೆ ಹೋಗೋಣ ಅಂದಳು. ಬೆಳಗ್ಗೆ ಎದ್ದು ರೊಟ್ಟಿ ಬಡಿದು, ಎದುರಿಗೆ ಕುಳಿತು, ಎರಡು ರೊಟ್ಟಿ ಪೂರ್ತಿ ತಿಂದು, ಮೇಲೊಂದು ಚಹಾ ಕುಡಿದಳು. ಸಾಮಾನ್ಯವಾಗಿ ಅವಳು ಬೆಳಗ್ಗೆ ಅಷ್ಟು ತಿನ್ನುವವಳಲ್ಲ. ಬಸ್ಸಿಗೆ ತಡವಾಗುತ್ತದೆ ಅಂದರೂ ಕೇಳಲಿಲ್ಲ.

ಪೂಜಾರಿ ಅಂಗಳದಲ್ಲಿದ್ದರು. ನಮ್ಮನ್ನು ಕಂಡು ತಾವೇ ಮುಂದೆ ಬಂದರು. “ಬಾ ಯವ್ವಾ, ಒಳಗ ಬಾ” ಅಂದರು.

ಅವ್ವ ಬೇವಿನ ಗಿಡ ದಾಟಿ ನೇರ ನಡೆದಳು. ಬಾಗಿಲವರೆಗೂ ಹೋದಳು. ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಕತ್ತು ಒಳಗೆ ಚಾಚಿ, ನಾನು ಹೇಳಿದ್ದು ನಿಜವೋ ಸುಳ್ಳೋ ಎನ್ನುವಂತೆ ನಾಲ್ಕೂ ಕಡೆ ನೋಡಿದಳು. ಹಣೆ ಹಚ್ಚಿದಳು. ಆಮೇಲೆ ಹಿಂದೆ ಸರಿದಳು.

“ಇಲ್ರಿ ಸ್ವಾಮಿ” ಅಂದಳು. “ಇವತ್ತ ನಾ ಉಂಡು ಬಂದೀನಿ. ಒಳಗ ಬರಾಂಗಿಲ್ಲ.”

ಪೂಜಾರಿ, “ಉಂಡ್ರ ಏನಾತಬೇ, ಬಾ” ಎಂದು ಮತ್ತೊಮ್ಮೆ ಕರೆದರು.

“ಕರದ್ರಲ್ಲ, ಸಾಕ್ರಿ. ನಂಗ ಯಾವಾಗ ಬರಬೇಕನಸ್ತದ, ಆವಾಗ ಬರ್ತೀನಿ” ಎಂದು ಅವ್ವ ಸೆರಗು ಸರಿಮಾಡಿಕೊಂಡು, ಅಂಗಳದ ನಟ್ಟನಡುವೆ ಬಿಸಿಲಿನಲ್ಲಿ, ತನಗೆ ಬೇಕಾದಷ್ಟು ಹೊತ್ತು ನಿಂತಳು.